ಕೈಬದಲಾದ ವೇದಿಕೆ, ಕಾದು ಕುಳಿತ ಬರಹಗಾರರು: ಪೋಸ್ಟರಸ್ ಪ್ರಕರಣ

2012ರ ಮಾರ್ಚ್ 12ರಂದು ಪೋಸ್ಟರಸ್ ಎಂಬ ಬರಹ ವೇದಿಕೆಯನ್ನು ಟ್ವಿಟರ್ ಕೊಂಡುಕೊಂಡಿತು. 2013ರ ಏಪ್ರಿಲ್ 30ರಂದು ಅದಕ್ಕೆ ಬೀಗ ಬಿತ್ತು. ನಡುವಿನ ಹದಿಮೂರು ತಿಂಗಳಿಗೂ ಮಿಕ್ಕಿದ ಕಾಲದಲ್ಲಿ ಆ ವೇದಿಕೆಯ ಬರಹಗಾರರ ಕೈಯಲ್ಲಿ ಏನಿತ್ತು, ಏನು ಕೈತಪ್ಪಿತು ಎಂಬುದು ಈ ಅಧ್ಯಯನದ ವಿಷಯ. ಆ ದಿನಗಳಲ್ಲಿ ವೇದಿಕೆ ಸತ್ತಿರಲಿಲ್ಲ. ಬರೆದದ್ದು ಪ್ರಕಟವಾಗುತ್ತಿತ್ತು, ಓದುಗರು ಬರುತ್ತಿದ್ದರು, ಕಾಮೆಂಟುಗಳು ಬೀಳುತ್ತಿದ್ದವು. ಮುಂದೇನು ಎಂಬುದೊಂದನ್ನು ಬಿಟ್ಟರೆ ಎಲ್ಲವೂ ಎಂದಿನಂತೆಯೇ ಇತ್ತು.

ವೇದಿಕೆ ಮುಚ್ಚಿದ ದಿನದ ಸಂಕಟದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅದಕ್ಕೆ ಮುಂಚಿನ ಡೋಲಾಯಮಾನ ಸ್ಥಿತಿ. ಯಾರು ಎಷ್ಟು ಕಳೆದುಕೊಳ್ಳುತ್ತಾರೆ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗಿಹೋಗುತ್ತದೆ. ತಾವು ಬರೆಯುವ ತಾಣ ಉಳಿಯುತ್ತದೋ ಇಲ್ಲವೋ ಎಂಬ ಆತಂಕದಲ್ಲಿ ಇವತ್ತು ದಿನ ದೂಡುತ್ತಿರುವ ಬರಹಗಾರರು ಕಡಿಮೆಯಿಲ್ಲ. ಅವರಿಗೆ ಈ ಪ್ರಕರಣವನ್ನು ವಿವರವಾಗಿ ಹೇಳಬೇಕೆನಿಸಿತು.

ಒಂದು ಇಮೇಲ್ ಸಾಕಿತ್ತು

ಪೋಸ್ಟರಸ್ ಶುರುವಾದದ್ದು 2008ರಲ್ಲಿ, ಅಮೆರಿಕದ ವೈ ಕಾಂಬಿನೇಟರ್ ಎಂಬ ಹೂಡಿಕೆ ಸಂಸ್ಥೆಯ ನೆರವಿನಿಂದ. ಸಚಿನ್ ಅಗರ್ವಾಲ್ ಮತ್ತು ಗ್ಯಾರಿ ಟ್ಯಾನ್ ಅದನ್ನು ಕಟ್ಟಿದವರಲ್ಲಿ ಪ್ರಮುಖರು. ಆಗ ಬ್ಲಾಗ್ ಶುರು ಮಾಡುವುದೆಂದರೆ ಖಾತೆ ತೆರೆಯಬೇಕು, ವಿನ್ಯಾಸ ಆರಿಸಬೇಕು, ಅದರ ಒಳಗುಟ್ಟು ಕಲಿಯಬೇಕು. ಪೋಸ್ಟರಸ್ ಇದನ್ನೆಲ್ಲ ಬದಿಗಿಟ್ಟಿತು. ಅವರು ಕೊಟ್ಟ ವಿಳಾಸಕ್ಕೆ ಒಂದು ಇಮೇಲ್ ಕಳಿಸಿದರೆ ಮುಗಿಯಿತು. ಇಮೇಲಿನ ವಿಷಯದ ಸಾಲೇ ಶೀರ್ಷಿಕೆ, ಒಳಗಿನ ಮಾತೇ ಬರಹ. ಫೋಟೋಗಳನ್ನು ಲಗತ್ತಿಸಿದರೆ ಚಿತ್ರಮಾಲೆ, ಹಾಡಿನ ಕಡತ ಲಗತ್ತಿಸಿದರೆ ಅಲ್ಲೇ ಕೇಳುವ ಪ್ಲೇಯರ್, ಯೂಟ್ಯೂಬ್ ಲಿಂಕ್ ಹಾಕಿದರೆ ವಿಡಿಯೊ. ಮೊದಲ ಇಮೇಲ್ ಕಳಿಸುವ ಮುಂಚೆ ಖಾತೆ ತೆರೆಯುವ ಅಗತ್ಯವೂ ಇರಲಿಲ್ಲ.

ಈ ಸರಾಗ ಎಷ್ಟೋ ಜನರನ್ನು ಬರವಣಿಗೆಗೆ ತಂದಿತು. ತಂತ್ರಜ್ಞಾನದ ಗೋಜಲು ಕಂಡು ಹಿಂಜರಿಯುತ್ತಿದ್ದವರಿಗೆ ಇಮೇಲ್ ಗೊತ್ತಿತ್ತು, ಅಷ್ಟು ಸಾಕಾಯಿತು. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಸುಲಭವಾಗಿ ಒಳಗೆ ಬಂದವರಿಗೆ ಹೊರಗೆ ಹೋಗುವ ದಾರಿ ಎಲ್ಲಿದೆ ಎಂದು ನೋಡುವ ಸಂದರ್ಭವೇ ಬಂದಿರುವುದಿಲ್ಲ. ತನ್ನ ಬರಹ ಯಾವ ಸರ್ವರ್‌ನಲ್ಲಿದೆ, ಚಿತ್ರಗಳು ಎಲ್ಲಿವೆ, ವಿಳಾಸ ಯಾರ ಹೆಸರಿನಲ್ಲಿದೆ ಎಂದು ಯೋಚಿಸುವ ಪ್ರಮೇಯವನ್ನೇ ಪೋಸ್ಟರಸ್ ತಪ್ಪಿಸಿತ್ತು. ಅದರ ಗುಣವೂ ಅದೇ, ಮುಂದೆ ಬರಹಗಾರರಿಗೆ ಕಷ್ಟ ತಂದಿಟ್ಟದ್ದೂ ಅದೇ.

ಇನ್ನೆರಡು ವಿವರ ಇಲ್ಲಿ ಬೇಕು. ಪೋಸ್ಟರಸ್‌ನಲ್ಲಿ ಬರೆದದ್ದು ತಾನಾಗಿಯೇ ಬೇರೆ ತಾಣಗಳಿಗೂ ಹೋಗುವ ವ್ಯವಸ್ಥೆ ಇತ್ತು. ಟ್ವಿಟರ್, ಫೇಸ್‌ಬುಕ್, ಫ್ಲಿಕರ್, ವರ್ಡ್‌ಪ್ರೆಸ್ ಹೀಗೆ. ಎರಡನೆಯದು, ಸ್ವಂತ ಡೊಮೇನ್ ಹೆಸರು, ಅಂದರೆ ತಾವೇ ನೋಂದಾಯಿಸಿಕೊಂಡ ವೆಬ್ ವಿಳಾಸ, ಇದ್ದವರು ಅದನ್ನು ಪೋಸ್ಟರಸ್‌ಗೆ ಜೋಡಿಸಿಕೊಳ್ಳಬಹುದಿತ್ತು, ಅದಕ್ಕೆ ಬೇರೆ ಶುಲ್ಕವಿರಲಿಲ್ಲ. ಈ ಎರಡು ಸೌಲಭ್ಯಗಳನ್ನು ಬಳಸಿದವರು ಯಾರೂ ಮುಳುಗಡೆಯ ಭಯದಿಂದ ಬಳಸಿರಲಾರರು. ಹೆಚ್ಚು ಓದುಗರು ಸಿಗಲಿ, ವಿಳಾಸ ಚೆಂದ ಕಾಣಲಿ ಎಂದಷ್ಟೇ ಇದ್ದಿರಬೇಕು. ಆದರೂ ಕೊನೆಗೆ ಕಾಪಾಡಿದ್ದು ಇವೇ.

2010ರಲ್ಲಿ ಪೋಸ್ಟರಸ್ ಬೇರೆ ವೇದಿಕೆಗಳಿಂದ ಬರಹಗಳನ್ನು ಎತ್ತಿ ತರುವ ಸಲಕರಣೆಗಳನ್ನು ಒಂದರ ಹಿಂದೆ ಒಂದರಂತೆ ಬಿಡುಗಡೆ ಮಾಡಿತು. ಅಳಿವಿನಂಚಿನ ತಾಣಗಳನ್ನು ಬಿಟ್ಟು ನಮ್ಮಲ್ಲಿಗೆ ಬನ್ನಿ ಎಂಬ ಧಾಟಿಯ ಪ್ರಚಾರ ಅದು. ಹಾಗೆ ಬಂದವರೂ ಇದ್ದರು. ಮೂರೇ ವರ್ಷಕ್ಕೆ ಅವರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು.

2011ರ ಸೆಪ್ಟೆಂಬರ್‌ನಲ್ಲಿ ವೇದಿಕೆಯ ಹೆಸರು ಪೋಸ್ಟರಸ್ ಸ್ಪೇಸಸ್ ಎಂದಾಯಿತು. ಎಲ್ಲರೂ ಓದುವ ಬರಹಕ್ಕಿಂತ ಆಯ್ದ ಗುಂಪುಗಳೊಳಗೆ ಹಂಚಿಕೊಳ್ಳುವುದಕ್ಕೆ ಒತ್ತು ಬಿತ್ತು. ಬರಹಗಾರರು ಗಮನಿಸಬೇಕಿದ್ದ ಮೊದಲ ಸೂಚನೆ ಇದು ಎಂದು ನನ್ನ ಅಭಿಪ್ರಾಯ. ಒಂದು ವೇದಿಕೆ ತಾನು ಯಾರಿಗಾಗಿ ಇದ್ದೇನೆ ಎಂಬುದನ್ನೇ ಬದಲಿಸಿಕೊಂಡರೆ, ಇದ್ದ ದಾರಿಯಲ್ಲಿ ಹೊಟ್ಟೆ ತುಂಬುತ್ತಿಲ್ಲ ಎಂದು ಅರ್ಥ. ಪೋಸ್ಟರಸ್‌ನಲ್ಲಿ ಬರೆಯಲು ಹಣ ಕೊಡಬೇಕಿರಲಿಲ್ಲ. ಹೂಡಿಕೆದಾರರ ದುಡ್ಡಿನಲ್ಲಿ ನಡೆಯುವ ಸಂಸ್ಥೆ ಅದು. ಆ ದುಡ್ಡು ಒಂದಲ್ಲ ಒಂದು ದಿನ ಬಡ್ಡಿಸಮೇತ ವಾಪಸ್ ಹೋಗಲೇಬೇಕು, ಇಲ್ಲವೇ ಸಂಸ್ಥೆ ಯಾರದೋ ಪಾಲಾಗಬೇಕು.

ಮಾರಾಟದ ದಿನದ ಭರವಸೆ

ಖರೀದಿಯ ಸುದ್ದಿ ಬಂದಾಗ ಬರಹಗಾರರಿಗೆ ಹೇಳಿದ ಮಾತುಗಳ ಸಾರಾಂಶ ಹೀಗಿತ್ತು: ಪೋಸ್ಟರಸ್ ಸ್ಪೇಸಸ್ ಯಾವ ಅಡಚಣೆಯೂ ಇಲ್ಲದೆ ನಡೆಯುತ್ತದೆ. ಏನಾದರೂ ಬದಲಾವಣೆ ಮಾಡುವುದಿದ್ದರೆ ಸಾಕಷ್ಟು ಮುಂಚಿತವಾಗಿ ತಿಳಿಸುತ್ತೇವೆ. ಬರಹಗಳ ಬ್ಯಾಕಪ್ ಬೇಕೆನ್ನುವವರಿಗೆ, ಬೇರೆ ಕಡೆ ಹೋಗಬೇಕೆನ್ನುವವರಿಗೆ ಮುಂದಿನ ವಾರಗಳಲ್ಲಿ ದಾರಿ ತಿಳಿಸುತ್ತೇವೆ.

ಇದನ್ನು ಮೋಸ ಎನ್ನಲು ನಾನು ಸಿದ್ಧನಿಲ್ಲ. ಹೇಳಿದ ಮಾತಿಗೆ ಅವರು ತಪ್ಪಲಿಲ್ಲ. ಮುಚ್ಚುವ ಮೊದಲು ಸೂಚನೆ ಕೊಟ್ಟರು, ಬ್ಯಾಕಪ್‌ಗೂ ವ್ಯವಸ್ಥೆ ಮಾಡಿದರು. ಆದರೆ ಆ ಹೇಳಿಕೆಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ನೋಡಿ. ಮುಂಚಿತವಾಗಿ ತಿಳಿಸುವ ಭರವಸೆ ಇತ್ತು, ಉಳಿಸಿಕೊಳ್ಳುವ ಭರವಸೆ ಎಲ್ಲೂ ಇರಲಿಲ್ಲ. ಮಾರಾಟದ ದಿನವೇ ಬ್ಯಾಕಪ್ಪಿನ ಮಾತು, ಬೇರೆ ಕಡೆ ಹೋಗುವವರ ಮಾತು ಯಾಕೆ ಬರಬೇಕು? ವೇದಿಕೆಯನ್ನು ಬೆಳೆಸುವ ಇರಾದೆಯಿಂದ ಕೊಂಡವರು ಬಳಕೆದಾರರಿಗೆ ಬಾಗಿಲು ತೋರಿಸುವುದಿಲ್ಲ. ಟ್ವಿಟರ್‌ಗೆ ಬೇಕಾಗಿದ್ದುದು ಪೋಸ್ಟರಸ್‌ನ ಎಂಜಿನಿಯರುಗಳು ಮತ್ತು ವಿನ್ಯಾಸಕಾರರು. ಅಂದಿನ ಪ್ರಕಟಣೆಯಲ್ಲೂ ತಂಡ ಟ್ವಿಟರ್ ಸೇರುತ್ತಿದೆ ಎಂಬ ಮಾತೇ ಎದ್ದು ಕಾಣುತ್ತಿತ್ತು. ಸ್ಟಾರ್ಟಪ್ ಲೋಕದಲ್ಲಿ ಇಂಥ ಖರೀದಿ ಮಾಮೂಲು. ಮಾಡುವವರನ್ನು ಕರೆದುಕೊಂಡು ಹೋಗುತ್ತಾರೆ, ಮಾಡಿದ್ದನ್ನು ಬಿಟ್ಟುಹೋಗುತ್ತಾರೆ.

ಹಾಗಿದ್ದರೂ ಜನ ಕಾದರು. ಯಾಕೆ ಕಾದರು ಎಂಬುದೇ ಈ ಪ್ರಕರಣದ ತಿರುಳು, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೊದಲ ಕಾರಣ ಸರಳ: ಮಾರನೆಯ ದಿನವೂ ಎಲ್ಲ ನಡೆಯುತ್ತಿತ್ತು. ಇಮೇಲ್ ಕಳಿಸಿದರೆ ಬರಹ ಪ್ರಕಟವಾಗುತ್ತಿತ್ತು. ಕಣ್ಣೆದುರು ನಡೆಯುತ್ತಿರುವುದು ನಿಲ್ಲುತ್ತದೆ ಎಂದು ನಂಬಿ ಒಂದು ಭಾನುವಾರವನ್ನು ಬ್ಯಾಕಪ್ಪಿಗೆ ಕೊಡುವುದು ಯಾರಿಗೂ ಸುಲಭವಲ್ಲ. ಬರೆಯುವವರಿಗೆ ಮುಂದಿನ ಬರಹದ ಮೇಲೆ ಮನಸ್ಸಿರುತ್ತದೆ, ಹಳೆಯವನ್ನು ಎಣಿಸಿ ಜೋಡಿಸುವುದರಲ್ಲಿ ಅಲ್ಲ.

ಎರಡನೆಯದು ದೊಡ್ಡವರ ನೆರಳಿನ ಧೈರ್ಯ. ಸಣ್ಣ ಸ್ಟಾರ್ಟಪ್ ದಿವಾಳಿಯಾಗಬಹುದು, ಈಗ ಟ್ವಿಟರ್‌ನಂಥ ದೊಡ್ಡ ಸಂಸ್ಥೆ ಕೈಹಿಡಿದಿದೆಯಲ್ಲ, ಇನ್ನೇನು ಭಯ ಎಂಬ ಲೆಕ್ಕ. ಈ ಲೆಕ್ಕ ತಲೆಕೆಳಗು. ಸಣ್ಣ ಸಂಸ್ಥೆಗೆ ಆ ವೇದಿಕೆಯೇ ಜೀವ. ಅದನ್ನು ಉಳಿಸಿಕೊಳ್ಳಲು ಅದು ಕೊನೆಯವರೆಗೂ ಗುದ್ದಾಡುತ್ತದೆ. ದೊಡ್ಡ ಸಂಸ್ಥೆಗೆ ಅದು ಹತ್ತರಲ್ಲಿ ಹನ್ನೊಂದನೆಯದು. ಯಾಹೂ 1999ರಲ್ಲಿ ಜಿಯೋಸಿಟೀಸ್ ಎಂಬ ತಾಣವನ್ನು ಸುಮಾರು 357 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತ್ತು. ಅಷ್ಟು ಸುರಿದ ಮೇಲೂ 2009ರ ಅಕ್ಟೋಬರ್‌ನಲ್ಲಿ ಮುಚ್ಚಿತು. ಲಕ್ಷಾಂತರ ಜನರು ಕೈಯಾರೆ ಕಟ್ಟಿದ್ದ ಪುಟಗಳು ಅದರೊಂದಿಗೆ ಹೋದವು.

ಮೂರನೆಯದು ಸೂಕ್ಷ್ಮವಾದದ್ದು, ಅದನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ವೇದಿಕೆಯೊಂದರಲ್ಲಿ ವರ್ಷಗಟ್ಟಲೆ ಬರೆದವರಿಗೆ ಅಲ್ಲಿ ಬಳಗ ಇರುತ್ತದೆ. ಪ್ರತಿ ಬರಹಕ್ಕೂ ಮೊದಲು ಬಂದು ನಾಲ್ಕು ಮಾತು ಬರೆಯುವ ಓದುಗ, ಒಪ್ಪದಿದ್ದರೂ ಓದುವುದನ್ನು ಬಿಡದ ಇನ್ನೊಬ್ಬರು. ತಾನು ಮೊದಲು ಎದ್ದು ಹೋದರೆ ಅವರನ್ನು ನಡುದಾರಿಯಲ್ಲಿ ಬಿಟ್ಟಂತೆ ಆಗುತ್ತದೆ ಎಂಬ ಅಳುಕು ಸಹಜ. ಎಲ್ಲರೂ ಹೋಗುವಾಗ ಹೋಗೋಣ ಎಂದು ಪ್ರತಿಯೊಬ್ಬರೂ ಅಂದುಕೊಂಡರೆ ಯಾರೂ ಹೋಗುವುದಿಲ್ಲ. ಹೋಗುವ ದಿನ ಬಂದಾಗ ಒಬ್ಬೊಬ್ಬರೂ ಒಂದೊಂದು ದಿಕ್ಕಿಗೆ ಚದುರುತ್ತಾರೆ.

ಎಪ್ಪತ್ತನಾಲ್ಕು ದಿನ

2013ರ ಫೆಬ್ರುವರಿ 15ರಂದು ಸಚಿನ್ ಅಗರ್ವಾಲ್ ಪ್ರಕಟಣೆ ಹೊರಡಿಸಿದರು. ಟ್ವಿಟರ್ ಕೆಲಸದ ಮೇಲೆ ಪೂರ್ಣ ಗಮನ ಹರಿಸಲು ಏಪ್ರಿಲ್ 30ರಂದು ಪೋಸ್ಟರಸ್ ತಾಣವನ್ನೂ ಮೊಬೈಲ್ ಆ್ಯಪ್‌ಗಳನ್ನೂ ನಿಲ್ಲಿಸಲಾಗುವುದು ಎಂದು. ಉಳಿದದ್ದು 74 ದಿನ. ವರ್ಡ್‌ಪ್ರೆಸ್, ಸ್ಕ್ವೇರ್‌ಸ್ಪೇಸ್ ಎಂಬ ಬೇರೆ ವೇದಿಕೆಗಳಿಗೆ ಹೋಗಬಹುದು ಎಂದು ದಾರಿ ತೋರಿಸಿದರು. ಬ್ಯಾಕಪ್‌ಗೆ ಕೋರಿಕೆ ಸಲ್ಲಿಸಿದರೆ ಎಲ್ಲ ಬರಹಗಳ ಜಿಪ್ ಫೈಲ್ ಸಿದ್ಧವಾಗುತ್ತಿತ್ತು, ಅದನ್ನು ಇಳಿಸಿಕೊಳ್ಳಬೇಕಿತ್ತು.

ಇಂಥ ಜಿಪ್ ಫೈಲನ್ನು ಬಿಚ್ಚಿ ನೋಡುವುದು ಒಳ್ಳೆಯದು, ಯಾಕೆಂದರೆ ಎಡವುವುದು ಇಲ್ಲೇ. ಒಳಗೆ ಬರಹಗಳ ಪುಟಗಳಿರುತ್ತವೆ. ಚಿತ್ರಗಳ ಫೋಲ್ಡರ್ ಇರುತ್ತದೆ. ಜೊತೆಗೆ ವರ್ಡ್‌ಪ್ರೆಸ್‌ಗೆ ಒಪ್ಪುವ ಒಂದು ಎಕ್ಸ್‌ಎಂಎಲ್ ಕಡತ. ಈ ಕೊನೆಯ ಕಡತವನ್ನು ಸಾಧಾರಣ ಟೆಕ್ಸ್ಟ್ ಎಡಿಟರ್‌ನಲ್ಲಿ ತೆರೆದರೆ ಪ್ರತಿ ಬರಹದ ಶೀರ್ಷಿಕೆ, ಪ್ರಕಟವಾದ ದಿನಾಂಕ, ಹಳೆಯ ವಿಳಾಸ, ಪೂರ್ತಿ ಪಠ್ಯ ಒಂದರ ಕೆಳಗೊಂದು ಕಾಣುತ್ತವೆ. ಎಲ್ಲ ಬಂತಲ್ಲ ಎಂದು ಸಮಾಧಾನವಾಗುತ್ತದೆ. ಪಠ್ಯದ ನಡುವೆ ಚಿತ್ರ ಬರಬೇಕಾದ ಜಾಗವನ್ನು ನಿಧಾನವಾಗಿ ನೋಡಿದರೆ ಆ ಸಮಾಧಾನ ಹೋಗುತ್ತದೆ. ಇಂಥ ಕಡತದೊಳಗೆ ಚಿತ್ರ ಇರುವುದಿಲ್ಲ. ಚಿತ್ರ ಎಲ್ಲಿದೆ ಎಂಬ ವಿಳಾಸ ಮಾತ್ರ ಇರುತ್ತದೆ, ಆ ವಿಳಾಸ ಮುಚ್ಚಲಿರುವ ವೇದಿಕೆಯ ಸರ್ವರ್‌ನದು.

ಇದರ ಪರಿಣಾಮ ತಕ್ಷಣ ಗೊತ್ತಾಗುವುದೇ ಇಲ್ಲ. ಈ ಕಡತವನ್ನು ವರ್ಡ್‌ಪ್ರೆಸ್‌ಗೆ ಹಾಕುವಾಗ ಲಗತ್ತುಗಳನ್ನೂ ತಂದುಕೋ ಎಂಬ ಆಯ್ಕೆಗೆ ಗುರುತು ಹಾಕಿದರೆ, ಹಳೆಯ ಸರ್ವರ್ ಬದುಕಿರುವಾಗ ಅದು ಒಂದೊಂದೇ ಚಿತ್ರವನ್ನು ಎಳೆದುಕೊಂಡು ಹೊಸ ಜಾಗದಲ್ಲಿ ಇಡುತ್ತದೆ. ಗುರುತು ಹಾಕದಿದ್ದರೂ ಹೊಸ ತಾಣದಲ್ಲಿ ಚಿತ್ರಗಳು ಕಾಣುತ್ತವೆ, ಹಳೆಯ ಸರ್ವರ್‌ನಿಂದಲೇ ಬರುತ್ತಿರುತ್ತವೆ. ನೋಡಿದವರಿಗೆ ಎರಡೂ ಒಂದೇ. ಏಪ್ರಿಲ್ 30 ದಾಟಿದ ಮೇಲೆ ಒಂದರಲ್ಲಿ ಚಿತ್ರ ಉಳಿಯುತ್ತದೆ, ಇನ್ನೊಂದರಲ್ಲಿ ಖಾಲಿ ಚೌಕ. ಆಗ ಕಡತವನ್ನು ಮತ್ತೆ ಹಾಕಿದರೂ ಪ್ರಯೋಜನವಿಲ್ಲ, ಎಳೆದುಕೊಳ್ಳಲು ಆ ಕಡೆ ಏನೂ ಇರುವುದಿಲ್ಲ. ಪೋಸ್ಟರಸ್‌ನ ಜಿಪ್‌ನಲ್ಲಿ ಚಿತ್ರಗಳ ಫೋಲ್ಡರ್ ಪ್ರತ್ಯೇಕವಾಗಿ ಇದ್ದದ್ದು ಪುಣ್ಯ. ಅದನ್ನು ಇಳಿಸಿಕೊಂಡವರು ಕಷ್ಟಪಟ್ಟಾದರೂ ಒಂದೊಂದನ್ನೇ ಮರಳಿ ಜೋಡಿಸಬಹುದಿತ್ತು. ಪಠ್ಯ ಬಂತು ಎಂದು ಜಿಪ್ಪನ್ನು ಇಳಿಸಿಕೊಳ್ಳದೆ ಬಿಟ್ಟವರಿಗೆ ಆ ದಾರಿಯೂ ಇರಲಿಲ್ಲ.

ಆದ್ದರಿಂದ ವೇದಿಕೆಯ ಭವಿಷ್ಯ ಅನುಮಾನ ಎನಿಸಿದಾಗ ಬ್ಯಾಕಪ್ ತೆಗೆದರಷ್ಟೇ ಸಾಲದು. ತೆಗೆದದ್ದನ್ನು ಇನ್ನೊಂದು ಕಡೆ ಹಾಕಿ, ಹಳೆಯ ತಾಣಕ್ಕೆ ಕೈಚಾಚದೆ ಅದು ನಿಲ್ಲುತ್ತದೋ ಎಂದು ಪರೀಕ್ಷಿಸಬೇಕು. ಸುಲಭದ ಪರೀಕ್ಷೆ ಒಂದಿದೆ. ಬ್ಯಾಕಪ್ಪಿನ ಪುಟವನ್ನು ಕಂಪ್ಯೂಟರಿಗೆ ಇಳಿಸಿ, ಇಂಟರ್ನೆಟ್ ಸಂಪರ್ಕ ಕಡಿದು ತೆರೆಯುವುದು. ಆಗ ಕಾಣದ್ದು ಯಾವುದೋ ಅದು ನಿಮ್ಮ ಬಳಿ ಇಲ್ಲ.

ವಿಳಾಸ ಯಾರದು?

ಬರಹ ಉಳಿಸಿಕೊಳ್ಳುವ ಕೆಲಸ ತಾಂತ್ರಿಕವಾದದ್ದು, ತಾಳ್ಮೆಯಿದ್ದರೆ ಮುಗಿಯುತ್ತದೆ. ವಿಳಾಸದ ವಿಷಯ ಹಾಗಲ್ಲ. ಪೋಸ್ಟರಸ್ ಪ್ರಕರಣದಲ್ಲಿ ಬರಹಗಾರರ ನಡುವೆ ದೊಡ್ಡ ಗೆರೆ ಎಳೆದದ್ದು ಇದೇ.

ಸ್ವಂತ ಡೊಮೇನ್ ಜೋಡಿಸಿಕೊಂಡಿದ್ದವರು ಮಾಡಬೇಕಾದದ್ದು ಇಷ್ಟು: ಬರಹಗಳನ್ನು ಹೊಸ ಕಡೆ ಹಾಕಿ, ಡೊಮೇನ್ ನೋಂದಾಯಿಸಿದ ಕಡೆ ಹೋಗಿ, ಅದು ತೋರಿಸುವ ಸರ್ವರ್‌ನ ಅಂಕಿಯನ್ನು ಬದಲಿಸಬೇಕು. ಪೋಸ್ಟರಸ್‌ನಲ್ಲಿ ಪ್ರತಿ ಬರಹದ ವಿಳಾಸ ಡೊಮೇನ್ ಹೆಸರಿನ ಮುಂದೆ ಬರಹದ ಹೆಸರು, ಅಷ್ಟೇ ಇರುತ್ತಿತ್ತು. ವರ್ಡ್‌ಪ್ರೆಸ್‌ನಲ್ಲೂ ಪರ್ಮಾಲಿಂಕ್ (ಪ್ರತಿ ಬರಹದ ಕಾಯಂ ವಿಳಾಸ) ಮಾದರಿಯನ್ನು ಹಾಗೆಯೇ ಹೊಂದಿಸಿಕೊಂಡರೆ ಹಳೆಯ ಲಿಂಕುಗಳು ಹಳೆಯ ಬರಹಗಳಿಗೇ ಹೋಗುತ್ತವೆ. ಬೇರೆಯವರು ಎಂದೋ ಕೊಟ್ಟ ಲಿಂಕ್ ಒತ್ತಿ ಬಂದ ಓದುಗನಿಗೆ ವೇದಿಕೆ ಬದಲಾದದ್ದೇ ತಿಳಿಯದು. ಹುಡುಕು ತಾಣಗಳಲ್ಲಿ ಗಳಿಸಿದ ಜಾಗವೂ ಉಳಿಯುತ್ತದೆ.

ಪೋಸ್ಟರಸ್ ಕೊಟ್ಟ ಉಚಿತ ಉಪವಿಳಾಸದಲ್ಲೇ, ಅಂದರೆ ಪೋಸ್ಟರಸ್‌ನ ಹೆಸರೇ ಸೇರಿದ ವಿಳಾಸದಲ್ಲೇ, ಬರೆದವರಿಗೆ ಈ ದಾರಿ ಇರಲಿಲ್ಲ. ಏಪ್ರಿಲ್ 30ರ ನಂತರ ಆ ವಿಳಾಸಗಳು ಎಲ್ಲಿಗೂ ಕರೆದೊಯ್ಯಲಿಲ್ಲ. ಬರಹ ಬೇರೆಲ್ಲೋ ಸುರಕ್ಷಿತವಾಗಿದ್ದರೂ ಅದರತ್ತ ಬರುತ್ತಿದ್ದ ಎಲ್ಲ ದಾರಿಗಳೂ ಕಡಿದವು. ಬೇರೆ ಲೇಖಕರು ಉಲ್ಲೇಖಿಸಿದ ಲಿಂಕ್, ಗೆಳೆಯರು ಇಮೇಲಿನಲ್ಲಿ ಕಳಿಸಿದ ಲಿಂಕ್, ಓದುಗರು ಬುಕ್‌ಮಾರ್ಕ್ ಮಾಡಿಕೊಂಡದ್ದು, ಎಲ್ಲ. ಪೋಸ್ಟ್.ಲಿ ಎಂಬ ಚಿಕ್ಕ ವಿಳಾಸದ ಸೇವೆಯೂ ಪೋಸ್ಟರಸ್‌ನದೇ ಆಗಿತ್ತು, ಟ್ವಿಟರ್‌ನಲ್ಲಿ ಹಂಚಿಕೊಂಡ ಬರಹಗಳಿಗೆ ಆ ಚಿಕ್ಕ ಲಿಂಕೇ ಆಧಾರ. ಹೊಸ ಮನೆ ಎಷ್ಟೇ ಚೆನ್ನಾಗಿದ್ದರೂ ಹಳೆಯ ವಿಳಾಸಕ್ಕೆ ಬರೆದ ಕಾಗದಗಳು ಅಲ್ಲಿಗೆ ತಲುಪುವುದಿಲ್ಲ.

ಸಾಲದ್ದಕ್ಕೆ ಅದೇ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. 2013ರ ಮಾರ್ಚ್ 13ರಂದು ಗೂಗಲ್ ತನ್ನ ಗೂಗಲ್ ರೀಡರ್ ಸೇವೆಯನ್ನು ಜುಲೈ 1ರಂದು ನಿಲ್ಲಿಸುವುದಾಗಿ ಹೇಳಿತು. ಮೆಚ್ಚಿನ ಬರಹಗಾರರ ಫೀಡ್‌ಗಳನ್ನು (ಹೊಸ ಬರಹಗಳು ತಾವಾಗಿಯೇ ಬಂದು ಸೇರುವ ಪಟ್ಟಿಗಳನ್ನು) ಒಂದೇ ಕಡೆ ಓದುತ್ತಿದ್ದವರ ದೊಡ್ಡ ಆಸರೆ ಅದು. ಪೋಸ್ಟರಸ್ ಬರಹಗಾರರು ಹೊಸ ವಿಳಾಸದ ಫೀಡ್ ಹಿಡಿದುಕೊಳ್ಳಿ ಎಂದು ಓದುಗರನ್ನು ಕೇಳುತ್ತಿರುವ ದಿನಗಳಲ್ಲೇ, ಆ ಓದುಗರು ತಮ್ಮ ಓದುವ ಸಲಕರಣೆಯನ್ನೇ ಬದಲಿಸುವ ಗಡಿಬಿಡಿಯಲ್ಲಿದ್ದರು. ಎರಡೂ ಕಡೆಯ ಕೊಂಡಿ ಒಂದೇ ಋತುವಿನಲ್ಲಿ ಸಡಿಲವಾಯಿತು.

ಇಲ್ಲಿಗೆ ನನ್ನ ಮುಖ್ಯ ಮಾತು. ಅನಿಶ್ಚಿತತೆಯ ಆ ಹದಿಮೂರು ತಿಂಗಳು ಬರಹಗಾರರಿಗೆ ಶಿಕ್ಷೆಯಂತೆ ಕಂಡಿರಬಹುದು. ಆದರೆ ಹಳೆಯ ವಿಳಾಸ ಮತ್ತು ಹೊಸ ವಿಳಾಸ ಎರಡೂ ಒಟ್ಟಿಗೆ ಬದುಕಿರಲು ಸಾಧ್ಯವಿದ್ದ ಕಾಲ ಅದೊಂದೇ. ಉಚಿತ ಉಪವಿಳಾಸದವರಿಗಂತೂ ಅದಕ್ಕೆ ಬೆಲೆ ಕಟ್ಟಲಾಗದು. ಮಾರಾಟದ ಸುದ್ದಿ ಬಂದ ವಾರವೇ ಹೊಸ ತಾಣ ತೆರೆದು, ಹಳೆಯ ಪ್ರತಿ ಬರಹದ ಕೆಳಗೆ ಹೊಸ ವಿಳಾಸದ ಒಂದು ಸಾಲು ಸೇರಿಸಿದ್ದರೆ, ಓದುಗರಿಗೆ ಅದನ್ನು ಕಾಣಲು ಒಂದು ವರ್ಷ ಸಿಗುತ್ತಿತ್ತು. ವಾರಕ್ಕೊಮ್ಮೆ ಬರುವ ಓದುಗ 74 ದಿನಗಳಲ್ಲಿ ಆ ಸಾಲು ನೋಡುತ್ತಾನೆ, ಸರಿ. ವರ್ಷಕ್ಕೆರಡು ಸಲ ಬಂದು ಹತ್ತು ಬರಹ ಒಟ್ಟಿಗೆ ಓದಿಹೋಗುವವರು ಇರುತ್ತಾರೆ. ಯಾವುದೋ ಸಂಕಟದ ರಾತ್ರಿ ಹುಡುಕುತ್ತ ಒಂದು ಹಳೆಯ ಬರಹಕ್ಕೆ ಬಂದು ತಲುಪುವ ಅಪರಿಚಿತರು ಇರುತ್ತಾರೆ. ಅವರನ್ನು 74 ದಿನಗಳು ಹಿಡಿಯಲಾರವು.

ಕಟ್ಟಿದವರೇ ಮತ್ತೆ ಕಟ್ಟಿದ್ದು

ಮುಚ್ಚುವ ಸುದ್ದಿ ಹೊರಬಿದ್ದ ಬೆನ್ನಲ್ಲೇ ಗ್ಯಾರಿ ಟ್ಯಾನ್ ಮತ್ತು ಬ್ರೆಟ್ ಗಿಬ್ಸನ್ ಪೋಸ್ಟ್‌ಹೇವನ್ ಎಂಬ ಹೊಸ ವೇದಿಕೆ ಪ್ರಕಟಿಸಿದರು. ಇಬ್ಬರೂ ಪೋಸ್ಟರಸ್ ಕಟ್ಟಿದವರೇ. ಟ್ಯಾನ್ ಮಾರಾಟಕ್ಕೆ ಮೊದಲೇ ಸಂಸ್ಥೆ ಬಿಟ್ಟಿದ್ದರು. ಪೋಸ್ಟ್‌ಹೇವನ್‌ನಲ್ಲಿ ಉಚಿತ ಎಂಬುದಿರಲಿಲ್ಲ, ತಿಂಗಳಿಗೆ 5 ಡಾಲರ್. ಹೂಡಿಕೆದಾರರ ಹಣ ತರುವುದಿಲ್ಲ, ಯಾರಿಗೂ ಮಾರುವುದಿಲ್ಲ, ಮುಚ್ಚುವುದಿಲ್ಲ ಎಂದು ಆರಂಭದಲ್ಲೇ ಮಾತು ಕೊಟ್ಟರು. ಹತ್ತು ವರ್ಷ ದಾಟಿದ ಮೇಲೂ ಅದು ನಡೆಯುತ್ತಿತ್ತು.

ಇದು ನನಗೆ ಗಂಭೀರವಾದ ಉತ್ತರವಾಗಿ ಕಾಣುತ್ತದೆ. ತಾವು ಕಟ್ಟಿದ್ದು ಯಾಕೆ ಮುಳುಗಿತು ಎಂದು ಅರಿತವರು ಅದೇ ಕಾರಣಗಳನ್ನು ಒಂದೊಂದಾಗಿ ತೆಗೆದುಹಾಕಿ ಕಟ್ಟಿದ್ದಾರೆ. ಪೋಸ್ಟರಸ್‌ನಷ್ಟು ಜನ ಅಲ್ಲಿಗೆ ಹೋಗಲಿಲ್ಲ ಎಂಬುದೂ ನಿಜ. ಬರಹಗಾರರು ಹಣ ಕೊಡುವ ವೇದಿಕೆಗೆ ಭವಿಷ್ಯ ಇರುತ್ತದೆ, ಜನಜಂಗುಳಿ ಇರುವುದಿಲ್ಲ. ಹೊಸಬರಿಗೆ ಜಂಗುಳಿ ಬೇಕು. ನೂರಾರು ಬರಹ ಕೂಡಿಟ್ಟವರಿಗೆ ಭವಿಷ್ಯ ಮುಖ್ಯ. ತಾನು ಯಾವ ಹಂತದಲ್ಲಿದ್ದೇನೆ ಎಂಬುದನ್ನು ಬರಹಗಾರರು ತಾವೇ ಕೇಳಿಕೊಳ್ಳಬೇಕು.

ಪೋಸ್ಟರಸ್‌ನ ಬಹಿರಂಗ ಪುಟಗಳಲ್ಲಿ ಸಾಧ್ಯವಾದಷ್ಟನ್ನು ಆರ್ಕೈವ್ ಟೀಮ್ ಎಂಬ ಸ್ವಯಂಸೇವಕರ ಗುಂಪು ಉಳಿಸಲು ಮುಂದಾಯಿತು. ಜಿಯೋಸಿಟೀಸ್ ಮುಚ್ಚುವಾಗ ದುಡಿದವರೂ ಇವರೇ. ಯಾರದೋ ಬರಹಕ್ಕಾಗಿ, ಯಾರೂ ಕೇಳದೆ, ನಿದ್ದೆಗೆಟ್ಟು ದುಡಿದ ಅವರ ಋಣ ದೊಡ್ಡದು. ಆದರೆ ಅವರ ಕೈಗೆ ಸಿಗುವುದು ಎಲ್ಲರಿಗೂ ತೆರೆದ ಪುಟಗಳು ಮಾತ್ರ. ಪೋಸ್ಟರಸ್‌ನಲ್ಲಿ ಪಾಸ್‌ವರ್ಡ್ ಇಟ್ಟು ಕುಟುಂಬದವರಿಗಷ್ಟೇ, ತರಗತಿಯವರಿಗಷ್ಟೇ ಬರೆದುಕೊಂಡವರೂ ಇದ್ದರು. ಆ ಪುಟಗಳನ್ನು ಅವುಗಳ ಒಡೆಯರ ಹೊರತು ಇನ್ನಾರೂ ಉಳಿಸುವಂತಿರಲಿಲ್ಲ.

ಅದೇ ತಾರೀಖು, ಹದಿನೈದು ವರ್ಷದ ನಂತರ

ಪೋಸ್ಟರಸ್ ಒಂಟಿ ಪ್ರಕರಣವಲ್ಲ ಎಂದು ತೋರಿಸಲು ಒಂದೇ ಉದಾಹರಣೆ ಸಾಕು. ಸಿಕ್ಸ್ ಅಪಾರ್ಟ್ ಎಂಬ ಸಂಸ್ಥೆಗೆ ವಾಕ್ಸ್, ಟೈಪ್‌ಪ್ಯಾಡ್ ಎಂಬ ಎರಡು ಬರಹ ವೇದಿಕೆಗಳಿದ್ದವು. 2010ರ ಸೆಪ್ಟೆಂಬರ್ 30ರಂದು ವಾಕ್ಸ್ ಮುಚ್ಚಿತು, ಸೂಚನೆ ಕೊಟ್ಟದ್ದು ಅದೇ ತಿಂಗಳ ಆರಂಭದಲ್ಲಿ. ಬರಹಗಳನ್ನು ಟೈಪ್‌ಪ್ಯಾಡ್‌ಗೆ ಸಾಗಿಸಬಹುದು ಎಂದರು. ಟೈಪ್‌ಪ್ಯಾಡ್ ಮುಂದೆ ಬೇರೆಯವರ ಕೈಗೆ ಹೋಯಿತು. 2020ರ ಕೊನೆಗೆ ಹೊಸ ಖಾತೆ ಕೊಡುವುದನ್ನು ನಿಲ್ಲಿಸಿತು. ಹಳಬರಿಗೆ ಏನೂ ಆಗಿಲ್ಲ ಎಂಬಂತೆ ಸೇವೆ ನಡೆದಿತ್ತು. 2025ರ ಆಗಸ್ಟ್ ಕೊನೆಯಲ್ಲಿ ಪ್ರಕಟಣೆ ಬಂತು: ಸೆಪ್ಟೆಂಬರ್ 30ಕ್ಕೆ ಮುಕ್ತಾಯ. ಕೊಟ್ಟದ್ದು ಒಂದು ತಿಂಗಳಿನಷ್ಟು ಸಮಯ. ಅಲ್ಲಿ ಹಣ ಕೊಟ್ಟು ಬರೆಯುತ್ತಿದ್ದವರೇ ಇದ್ದರು. ಅಲ್ಲಿನ ರಫ್ತು ಕಡತದಲ್ಲೂ ಪಠ್ಯ ಇತ್ತು, ಚಿತ್ರಗಳಿರಲಿಲ್ಲ.

ಹೊಸಬರಿಗೆ ಬಾಗಿಲು ಮುಚ್ಚಿದ ವೇದಿಕೆ ಹಳಬರಿಗೆ ಎಷ್ಟು ದಿನ ತೆರೆದಿರುತ್ತದೆ? ಟೈಪ್‌ಪ್ಯಾಡ್‌ನವರಿಗೆ ಸಿಕ್ಕಿದ್ದು ನಾಲ್ಕೂಮುಕ್ಕಾಲು ವರ್ಷ. ಪೋಸ್ಟರಸ್‌ನವರಿಗಿಂತ ಉದಾರವಾದ ಗಡುವು ಅದು, ಯಾರೂ ಗಡುವು ಎಂದು ಕರೆಯಲಿಲ್ಲ ಅಷ್ಟೇ.

ಈಗಿನ ವೇದಿಕೆಗಳಲ್ಲಿ ಬರೆಯುತ್ತಿರುವವರು ನೋಡಿಕೊಳ್ಳಬೇಕಾದದ್ದು ವೇದಿಕೆಯ ಮಾಲೀಕರ ಮನಸ್ಸನ್ನಲ್ಲ, ಅದು ಯಾರಿಗೂ ಓದಲು ಬರುವುದಿಲ್ಲ. ಸೆಟ್ಟಿಂಗ್ಸ್ ಪುಟವನ್ನು ನೋಡಬೇಕು. ಸಬ್‌ಸ್ಟ್ಯಾಕ್ ಬರಹಗಳ ಜೊತೆಗೆ ಚಂದಾದಾರರ ಇಮೇಲ್ ಪಟ್ಟಿಯನ್ನೂ ಇಳಿಸಿಕೊಳ್ಳಲು ಬಿಡುತ್ತದೆ. ಬರಹಗಾರರ ಕೈಯಲ್ಲಿ ಅದಕ್ಕಿಂತ ದೊಡ್ಡ ಆಸ್ತಿ ಇಲ್ಲ, ಯಾಕೆಂದರೆ ವಿಳಾಸ ಕಳೆದುಹೋದರೂ ಓದುಗರಿಗೆ ಕಾಗದ ಬರೆಯಬಹುದು. ಮೀಡಿಯಂನಲ್ಲಿ ಸ್ವಂತ ಡೊಮೇನ್ ಜೋಡಿಸುವ ಸೌಲಭ್ಯ ಇತ್ತು. 2017ರಲ್ಲಿ ಅದನ್ನು ಹೊಸಬರಿಗೆ ನಿಲ್ಲಿಸಿದರು, 2021ರಲ್ಲಿ ಮತ್ತೆ ತಂದರು. ಇಂಥ ಬಾಗಿಲು ತೆರೆದಿರುವಾಗ ಬಳಸಿಕೊಳ್ಳಬೇಕು. ನಾಳೆ ಇರುತ್ತದೆ ಎಂದು ಯಾರೂ ಬರೆದುಕೊಟ್ಟಿರುವುದಿಲ್ಲ.

ಈ ಪ್ರಕರಣದ ಹೊರಗೆ ಉಳಿಯುವ ಪ್ರಶ್ನೆ

ಪೋಸ್ಟರಸ್ ಬರಹಗಾರರಿಗೆ ಹಣ ಕೊಡುವ ವೇದಿಕೆಯಾಗಿರಲಿಲ್ಲ. ಹಾಗಾಗಿ ವೇದಿಕೆಯಿಂದಲೇ ದುಡಿಯುವವರ ಆತಂಕಕ್ಕೆ ಈ ಪ್ರಕರಣ ಅರ್ಧ ಉತ್ತರ ಮಾತ್ರ ಕೊಡುತ್ತದೆ. ಅವರಿಗೆ ಹತ್ತಿರದ ಉದಾಹರಣೆ ಅಮೆಜಾನ್‌ನ ಕಿಂಡಲ್ ವೆಲ್ಲಾ. 2021ರ ಜುಲೈಯಲ್ಲಿ ಅಮೆರಿಕದ ಓದುಗರಿಗಾಗಿ ಶುರುವಾಗಿ 2025ರ ಫೆಬ್ರುವರಿಯಲ್ಲಿ ನಿಂತ ಧಾರಾವಾಹಿ ವೇದಿಕೆ ಅದು. ಓದುಗರು ಟೋಕನ್ ಕೊಂಡು ಕಂತು ಕಂತಾಗಿ ಓದಬೇಕಿತ್ತು. ಅಲ್ಲಿನ ಕಥೆ ಲೇಖಕರದೇ, ಅದನ್ನು ಪುಸ್ತಕವಾಗಿ ತರಲು ಅಡ್ಡಿಯಿರಲಿಲ್ಲ. ಆದರೆ ಕಂತು ಕಂತಾಗಿ ಕುತೂಹಲ ಕಾಯ್ದುಕೊಳ್ಳಲು ಕಟ್ಟಿದ ಕಥೆಯನ್ನು ಒಂದೇ ಹೊತ್ತಗೆಯಾಗಿಸುವುದೆಂದರೆ ಪ್ರತಿ ಕಂತಿನ ಕೊನೆಯ ಕೊಕ್ಕೆಯನ್ನು ಬಿಚ್ಚಿ ಮತ್ತೆ ಹೆಣೆಯಬೇಕು. ಅದು ಹೊಸದಾಗಿ ಬರೆದಷ್ಟೇ ಕೆಲಸ. ಆ ಕೆಲಸ ನಡೆಯುವಷ್ಟು ತಿಂಗಳು ಆದಾಯವೂ ನಿಂತಿರುತ್ತದೆ. ಧಾರಾವಾಹಿ ಬರೆಯುವಾಗಲೇ ಪುಸ್ತಕದ ಕರಡನ್ನು ಬೇರೆ ಕಡತದಲ್ಲಿ ಜೊತೆಜೊತೆಗೆ ತಿದ್ದಿಕೊಂಡು ಬರುವ ಲೇಖಕರಿಗೆ ಈ ಅಂತರ ಕಡಿಮೆಯಾಗುತ್ತದೆ. ಒಂದೇ ವೇದಿಕೆಯಿಂದ ಮನೆ ನಡೆಸುವವರು ವೇದಿಕೆಯ ಬಗ್ಗೆ ಗಾಳಿಮಾತು ಹುಟ್ಟುವ ಮೊದಲೇ ಆ ಕಡತವನ್ನು ತೆರೆದಿರಬೇಕು.